ಮಕ್ಕಳ ಬಿಎಂಐ: ಶಾಲೆಯ ಹಾಳೆಯಲ್ಲಿ ಬಂದ ಅಂಕಿಯನ್ನು ಓದುವುದು ಹೇಗೆ

ಜೂನ್-ಜುಲೈ ಬಂತೆಂದರೆ ಬೆಂಗಳೂರಿನ ಎಷ್ಟೋ ಶಾಲೆಗಳಲ್ಲಿ ಹೆಲ್ತ್ ಚೆಕಪ್ ಶುರುವಾಗುತ್ತದೆ. ಹಲ್ಲು, ಕಣ್ಣು, ಎತ್ತರ, ತೂಕ ಎಲ್ಲ ನೋಡಿ ಮಗುವಿನ ಬ್ಯಾಗಿಗೆ ಒಂದು ಹಾಳೆ ತುರುಕಿ ಕಳಿಸುತ್ತಾರೆ. ಅದರ ಕೊನೆಯ ಸಾಲಿನಲ್ಲಿ ‘ಬಿಎಂಐ 18.9, ಓವರ್‌ವೇಟ್’ ಎಂದೋ ‘ಬಿಎಂಐ 14, ಅಂಡರ್‌ವೇಟ್’ ಎಂದೋ ಇರುತ್ತದೆ. ಬಿಎಂಐ ಎಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಂಕಿ. ಯಾವ ಪಟ್ಟಿಗೆ ಹೋಲಿಸಿ ಹಾಗೆ ಬರೆದರು, ಶೂ ಬಿಚ್ಚಿಸಿದ್ದರೋ ಇಲ್ಲವೋ, ಒಂದೂ ತಿಳಿಯುವುದಿಲ್ಲ. ಆ ಸಂಜೆಯೇ ಮನೆಯಲ್ಲಿ ತುಪ್ಪದ ಡಬ್ಬಿ ಮೇಲಿನ ಶೆಲ್ಫ್ ಸೇರುತ್ತದೆ, ಇಲ್ಲವೇ ಮೆಡಿಕಲ್ ಸ್ಟೋರಿನಿಂದ ಪ್ರೋಟೀನ್ ಪೌಡರ್ ಬರುತ್ತದೆ. ಎರಡಕ್ಕೂ ಆತುರ ಬೇಡ. ಮಗುವಿನ ಬಿಎಂಐ ಓದಲು ಅದರ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಹಿಂದಿನ ಒಂದೆರಡು ಅಳತೆ, ಇಷ್ಟೂ ಕೈಯಲ್ಲಿರಬೇಕು.

ಮೊದಲು ಅಳತೆಯನ್ನೇ ಅನುಮಾನಿಸಿ

ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. ಎತ್ತರದಿಂದ ಎರಡು ಸಲ ಭಾಗಿಸುವುದರಿಂದ ಎತ್ತರದಲ್ಲಾದ ಸಣ್ಣ ತಪ್ಪೂ ದೊಡ್ಡದಾಗಿ ಕಾಣುತ್ತದೆ. ಒಂದು ಲೆಕ್ಕ ನೋಡಿ. ಹತ್ತು ವರ್ಷದ ಹುಡುಗ, ತೂಕ 36 ಕೆಜಿ. ಎತ್ತರ 140 ಸೆಂ.ಮೀ. ಎಂದಾದರೆ ಬಿಎಂಐ 18.4. ಅದೇ ಹುಡುಗ ಸ್ವಲ್ಪ ಕುಗ್ಗಿ ನಿಂತು ಎತ್ತರ 138 ಎಂದು ಬರೆದುಕೊಂಡರೆ 18.9. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಹತ್ತು ವರ್ಷದ ಗಂಡುಮಕ್ಕಳ ‘ಅಧಿಕ ತೂಕ’ದ ಗೆರೆ 18.5ರಲ್ಲಿದೆ. ಎರಡು ಸೆಂಟಿಮೀಟರ್ ವ್ಯತ್ಯಾಸಕ್ಕೆ ಹುಡುಗ ಗೆರೆಯ ಆಚೆ ಬಿದ್ದ.

ಒಂದು ಕೈಯಲ್ಲಿ ರಿಜಿಸ್ಟರ್, ಇನ್ನೊಂದು ಕೈಯಲ್ಲಿ ಟೇಪು ಹಿಡಿದು ಒಂದೇ ಬೆಳಿಗ್ಗೆ ಇನ್ನೂರು ಮಕ್ಕಳನ್ನು ಅಳೆಯುವವರಿಗೆ ಎರಡು ಸೆಂಟಿಮೀಟರ್ ತಪ್ಪುವುದು ದೊಡ್ಡ ವಿಷಯವೇ ಅಲ್ಲ. ಅದಕ್ಕೇ ಮನೆಯಲ್ಲಿ ಇನ್ನೊಂದು ಸಲ ಅಳೆಯಿರಿ ಎನ್ನುವುದು.

ಎತ್ತರ ಅಳೆಯಲು ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ತೊಡಕಿದೆ. ಗೋಡೆಯ ಬುಡದಲ್ಲಿ ಟೈಲ್ಸಿನ ಸ್ಕರ್ಟಿಂಗ್ ಇರುತ್ತದೆ. ಹಿಮ್ಮಡಿ ಅದಕ್ಕೆ ತಗುಲಿ ನಿಲ್ಲುತ್ತದೆ, ಬೆನ್ನು ಗೋಡೆಗೆ ಒರಗಲು ಹಿಂದಕ್ಕೆ ವಾಲುತ್ತದೆ, ಎತ್ತರ ಕಡಿಮೆ ಬರುತ್ತದೆ. ಸ್ಕರ್ಟಿಂಗ್ ಇಲ್ಲದ ಜಾಗ ಹುಡುಕಿ. ವಾರ್ಡ್‌ರೋಬಿನ ಬಾಗಿಲು ನೆಲದವರೆಗೂ ಇದ್ದರೆ ಅದೇ ಒಳ್ಳೆಯದು. ಬರಿಗಾಲಲ್ಲಿ ನಿಲ್ಲಿಸಿ, ಹಿಮ್ಮಡಿ, ಹಿಂಭಾಗ, ಭುಜ, ತಲೆಯ ಹಿಂಬದಿ ಬಾಗಿಲಿಗೆ ತಾಗುವಂತೆ ನೋಡಿಕೊಳ್ಳಿ. ಮೈ ತುಂಬಿಕೊಂಡಿರುವ ಮಕ್ಕಳಿಗೆ ನಾಲ್ಕೂ ಒಟ್ಟಿಗೆ ತಾಗದಿರಬಹುದು, ಬಲವಂತ ಮಾಡಬೇಡಿ, ನೇರವಾಗಿ ನಿಂತರೆ ಸಾಕು. ಕಿವಿಯ ತೂತು ಮತ್ತು ಕಣ್ಣಿನ ಕೆಳಅಂಚು ಒಂದೇ ಮಟ್ಟದಲ್ಲಿರಬೇಕು, ಗದ್ದ ಎತ್ತಬಾರದು. ನೆತ್ತಿಯ ಮೇಲಿನ ಜುಟ್ಟು, ಹೇರ್‌ಬ್ಯಾಂಡ್, ಕ್ಲಿಪ್ಪು ಎಲ್ಲ ಬಿಚ್ಚಿಸಿ. ಗಟ್ಟಿ ರಟ್ಟಿನ ಪುಸ್ತಕವೊಂದರ ಬೆನ್ನನ್ನು ಬಾಗಿಲಿಗೆ ಒತ್ತಿ ಹಿಡಿದು ತಲೆಯ ಮೇಲೆ ಮೆಲ್ಲಗೆ ಇಳಿಸಿ, ಕೂದಲು ಅದುಮುವಷ್ಟು. ಪುಸ್ತಕದ ಕೆಳಗೆ ಪೆನ್ಸಿಲ್ ಗುರುತು ಹಾಕಿ, ಮಗುವನ್ನು ಕಳಿಸಿ, ಆಮೇಲೆ ನೆಲದಿಂದ ಗುರುತಿನವರೆಗೆ ಸ್ಟೀಲ್ ಟೇಪಿನಲ್ಲಿ ಅಳೆಯಿರಿ. ದರ್ಜಿಯ ಬಟ್ಟೆ ಟೇಪು ಹಳೆಯದಾದಂತೆ ಹಿಗ್ಗುತ್ತದೆ, ಇದಕ್ಕೆ ಬೇಡ. ಎರಡು ಸಲ ಅಳೆದು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ದಿನವಿಡೀ ಒತ್ತಿ ಒತ್ತಿ ತೆಳುವಾಗುವುದರಿಂದ ಬೆಳಿಗ್ಗೆಗಿಂತ ಸಂಜೆ ಎತ್ತರ ಒಂದು ಸೆಂಟಿಮೀಟರಿನಷ್ಟು ಕಡಿಮೆ ಬರಬಹುದು. ಹಾಗಾಗಿ ಪ್ರತಿ ಸಲವೂ ಒಂದೇ ಹೊತ್ತಿಗೆ ಅಳೆಯುವುದು ಒಳ್ಳೆಯದು.

ತೂಕದ ಮಾತು ಚಿಕ್ಕದು. ಡಿಜಿಟಲ್ ಮಷಿನ್ನನ್ನು ಮ್ಯಾಟಿನ ಮೇಲಿಡದೆ ಗಟ್ಟಿ ನೆಲದ ಮೇಲಿಡಿ. ಶೂ, ಬೆಲ್ಟು, ಐಡಿ ಕಾರ್ಡು, ಸ್ವೆಟರ್ ತೆಗೆಸಿ. ಮಷಿನ್ ಸರಿಯಿದೆಯೋ ಇಲ್ಲವೋ ಅನ್ನಿಸಿದರೆ ನೀವು ಒಮ್ಮೆ ಬರಿಗೈಯಲ್ಲಿ, ಒಮ್ಮೆ ಸೀಲ್ ಒಡೆಯದ 10 ಕೆಜಿ ಅಕ್ಕಿ ಚೀಲ ಹಿಡಿದು ಹತ್ತಿ ನೋಡಿ. ವ್ಯತ್ಯಾಸ ಹತ್ತರ ಆಸುಪಾಸು ಬಂದರೆ ಮಷಿನ್ ನಂಬಬಹುದು.

ಮೊಬೈಲಿನ ಕ್ಯಾಲ್ಕುಲೇಟರ್ ಯಾಕೆ ಹಾದಿ ತಪ್ಪಿಸುತ್ತದೆ

ಬಿಎಂಐ ಎಂದು ಹುಡುಕಿದರೆ ಮೊದಲು ಸಿಗುವುದು ದೊಡ್ಡವರ ಕ್ಯಾಲ್ಕುಲೇಟರ್. 18.5ಕ್ಕಿಂತ ಕೆಳಗಿದ್ದರೆ ಕಡಿಮೆ ತೂಕ, 25ರ ಮೇಲಿದ್ದರೆ ಅಧಿಕ ತೂಕ ಎಂದು ಅದು ಹೇಳುತ್ತದೆ. ಏಳು ವರ್ಷದ ಹುಡುಗಿ, ಎತ್ತರ 118 ಸೆಂ.ಮೀ., ತೂಕ 19.5 ಕೆಜಿ. ಬಿಎಂಐ 14. ದೊಡ್ಡವರ ಲೆಕ್ಕದಲ್ಲಿ ಇದು ಆಸ್ಪತ್ರೆಗೆ ಸೇರಿಸಬೇಕಾದ ಅಂಕಿ. ಏಳು ವರ್ಷದ ಹುಡುಗಿಯ ಲೆಕ್ಕದಲ್ಲಿ ಏನೂ ತೊಂದರೆಯಿಲ್ಲ, ಆ ವಯಸ್ಸಿನ ಮಧ್ಯದ ಗೆರೆಯೇ 15.4ರಲ್ಲಿದೆ, ‘ತೆಳು’ ಎನ್ನುವ ಗೆರೆ 12.7ರಲ್ಲಿ.

ಮಕ್ಕಳ ಬಿಎಂಐ ಏರುತ್ತಲೇ ಹೋಗುವುದೂ ಇಲ್ಲ. ಒಂದು ವರ್ಷದ ಗಂಡುಮಗುವಿನ ಮಧ್ಯದ ಅಂಕಿ ಸುಮಾರು 16.8. ಆಮೇಲೆ ಇಳಿಯುತ್ತಾ ಬಂದು ಐದಾರು ವರ್ಷದ ಹೊತ್ತಿಗೆ 15.3ರಷ್ಟಾಗುತ್ತದೆ, ಅಲ್ಲಿಂದ ಮತ್ತೆ ಏರುತ್ತದೆ. ಅಂದರೆ ಯುಕೆಜಿ, ಒಂದನೇ ಕ್ಲಾಸಿನ ಮಗು ಜೀವನದಲ್ಲೇ ಅತಿ ತೆಳ್ಳಗಿರುವ ಕಾಲವದು. ‘ಸ್ಕೂಲಿಗೆ ಹಾಕಿದ್ಮೇಲೆ ಮಗು ಸೊರಗಿ ಹೋಗಿದೆ ಕಣೇ, ಯಾರದೋ ದೃಷ್ಟಿ ಬಿದ್ದಿದೆ’ ಎಂದು ಅಜ್ಜಿ ದೃಷ್ಟಿ ತೆಗೆಯುವುದೂ ಹೆಚ್ಚುಕಮ್ಮಿ ಅದೇ ವಯಸ್ಸಿನಲ್ಲಿ. ದೃಷ್ಟಿ ತೆಗೆಯಲಿ, ತೊಂದರೆಯಿಲ್ಲ. ತಟ್ಟೆ ಹಿಡಿದುಕೊಂಡು ಮಗುವಿನ ಹಿಂದೆ ಓಡುವುದು ಬೇಡ. ಈ ಇಳಿತ ಆರು ವರ್ಷಕ್ಕೆ ಬದಲು ಮೂರು-ನಾಲ್ಕು ವರ್ಷಕ್ಕೇ ನಿಂತು ಏರಿಕೆ ಶುರುವಾದರೆ ಮಾತ್ರ ವೈದ್ಯರು ಹುಬ್ಬೇರಿಸುತ್ತಾರೆ. ಅಂಥ ಮಕ್ಕಳಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ ಜಾಸ್ತಿ.

ಎರಡು ವರ್ಷದೊಳಗಿನ ಕೂಸುಗಳಿಗೆ ಸಾಮಾನ್ಯವಾಗಿ ಬಿಎಂಐ ನೋಡುವುದಿಲ್ಲ. ಮಲಗಿಸಿ ಉದ್ದ ಅಳೆದು, ಆ ಉದ್ದಕ್ಕೆ ತಕ್ಕ ತೂಕವಿದೆಯೇ ಎಂದು ನೋಡುತ್ತಾರೆ. ತಾಯಿ ಕಾರ್ಡಿನಲ್ಲಿ ಅಂಗನವಾಡಿಯವರು ಗುರುತು ಹಾಕುವ ಗೆರೆಗಳು ಬೇರೆಯೇ, ಅವು ವಯಸ್ಸಿಗೆ ತಕ್ಕ ತೂಕದವು. ಅದರ ಪಕ್ಕ ಬಿಎಂಐ ಇಟ್ಟು ಹೋಲಿಸಬೇಡಿ.

ಯಾವ ಪಟ್ಟಿ ನೋಡಬೇಕು

ಗೊಂದಲ ಹೆಚ್ಚಾಗುವುದು ಇಲ್ಲಿ. ಬಳಕೆಯಲ್ಲಿ ಮೂರು ಸಂಸ್ಥೆಗಳ ಪಟ್ಟಿಗಳಿವೆ.

ಐದು ವರ್ಷದೊಳಗಿನವರಿಗೆ ವಿಶ್ವ ಆರೋಗ್ಯ ಸಂಸ್ಥೆಯ 2006ರ ಪಟ್ಟಿ. ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಎದೆಹಾಲು ಕುಡಿದು, ಒಳ್ಳೆಯ ಆರೈಕೆಯಲ್ಲಿ ಬೆಳೆದ ಮಕ್ಕಳನ್ನು ಅಳೆದು ಮಾಡಿದ್ದು. ನಮ್ಮ ದೇಶದ ಅಳತೆ ನಡೆದದ್ದು ದೆಹಲಿಯಲ್ಲಿ. ಐದರಿಂದ ಹದಿನೆಂಟರವರೆಗೆ ಭಾರತೀಯ ಮಕ್ಕಳ ತಜ್ಞರ ಸಂಘ, ಅಂದರೆ ಐಎಪಿ, 2015ರಲ್ಲಿ ಹೊರತಂದ ಪಟ್ಟಿ ಇದೆ. ಬೆಂಗಳೂರಿನಲ್ಲಿ ಮಕ್ಕಳ ಡಾಕ್ಟರ ಫೈಲಿನಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಗಂಡುಮಕ್ಕಳಿಗೆ ಬೇರೆ ಹಾಳೆ, ಹೆಣ್ಣುಮಕ್ಕಳಿಗೆ ಬೇರೆ. ಅದೇ ವಯಸ್ಸಿಗೆ ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿಯೂ ಇದೆ, 19 ವರ್ಷದವರೆಗೆ. ಮೂರನೆಯದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿಯ 2000ದ ಪಟ್ಟಿ. ಅದು ಅಲ್ಲಿನ ಮಕ್ಕಳದು. ಆದರೆ ಇಂಟರ್‌ನೆಟ್ಟಿನ ಮಕ್ಕಳ ಕ್ಯಾಲ್ಕುಲೇಟರುಗಳಲ್ಲಿ ಬಹಳಷ್ಟು ಅದನ್ನೇ ಒಳಗಿಟ್ಟುಕೊಂಡಿವೆ.

ಪಟ್ಟಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. 17 ವರ್ಷದ ಪಿಯುಸಿ ಹುಡುಗಿ, 158 ಸೆಂ.ಮೀ., 59 ಕೆಜಿ. ಬಿಎಂಐ 23.6. ಸಿಡಿಸಿ ಪ್ರಕಾರ ಆರೋಗ್ಯಕರ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ ಆ ವಯಸ್ಸಿಗೆ 24.5ರಲ್ಲಿರುವುದರಿಂದ ಅಲ್ಲಿಯೂ ಪಾಸು. ಐಎಪಿ ಪಟ್ಟಿಯಲ್ಲಿ ಮಾತ್ರ ಅಧಿಕ ತೂಕ. ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಧಿಕ ತೂಕದ ಗೆರೆ ದೊಡ್ಡವರ 25ಕ್ಕೆ ಹೋಗಿ ಸೇರುವಂತೆ ಇದೆ, ಐಎಪಿಯದು 23ಕ್ಕೆ ಸೇರುವಂತೆ. ಬೊಜ್ಜಿನ ಗೆರೆ ಅಲ್ಲಿ 30ಕ್ಕೆ, ಇಲ್ಲಿ 27ಕ್ಕೆ.

ನಮಗೆ ಯಾಕೆ ಇಷ್ಟು ಬಿಗಿ? ಒಂದೇ ಬಿಎಂಐ ಇದ್ದರೂ ನಮ್ಮವರ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯಡ್ಕಿನ್ 2004ರಲ್ಲಿ ತಮ್ಮ ಮೈಯನ್ನೇ ಅಳೆದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫೋಟೊ ಸಮೇತ ಹಾಕಿದರು. ಇಬ್ಬರ ಬಿಎಂಐ ಕೂಡ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡ, ಯಾಜ್ಞಿಕರ ಮೈಯಲ್ಲಿ 21.2 ಶೇಕಡ. ನಮ್ಮ ಮಕ್ಕಳಿಗೆ ಐಎಪಿ ಪಟ್ಟಿಯನ್ನೇ ಬಳಸಿ ಎನ್ನುವ ವೈದ್ಯರ ಪರ ನಾನಿರುವುದು ಇದೇ ಕಾರಣಕ್ಕೆ. ಆದರೆ ಒಂದು ಪಟ್ಟಿ ಹಿಡಿದ ಮೇಲೆ ಅದನ್ನೇ ಮುಂದುವರಿಸಿ. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ನೋಡಿದರೆ ಮಗು ಬದಲಾಯಿತೋ ಪಟ್ಟಿ ಬದಲಾಯಿತೋ ತಿಳಿಯುವುದಿಲ್ಲ.

ಚುಕ್ಕೆ ಇಡುವುದು

ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಲೆಕ್ಕ ಹಾಕಿ. ‘ಒಂಬತ್ತು ನಡೀತಿದೆ’ ಎಂದರೆ ಸಾಲದು, ಎಂಟು ವರ್ಷ ಎರಡು ತಿಂಗಳೂ ಒಂಬತ್ತು ನಡೆಯುವುದೇ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಹಿಂದೆಮುಂದೆ ಮಾಡಿದ್ದರೆ ಇಲ್ಲಿ ನಿಜವಾದ ದಿನ ಬಳಸಿ. ಹಾಳೆಯ ಕೆಳಗಿನ ಅಡ್ಡ ಸಾಲಿನಲ್ಲಿ ವಯಸ್ಸು, ಎಡಗಡೆ ಬಿಎಂಐ. ಎರಡೂ ಸೇರುವಲ್ಲಿ ಚುಕ್ಕೆ ಇಟ್ಟು ಪಕ್ಕದಲ್ಲಿ ತಾರೀಖು ಬರೆಯಿರಿ.

ಗೆರೆಗಳ ತುದಿಯಲ್ಲಿ 3, 10, 25, 50 ಎಂಬ ಅಂಕಿಗಳಿರುತ್ತವೆ. ಅದೇ ಪರ್ಸೆಂಟೈಲ್. ಒಂದೇ ವಯಸ್ಸಿನ ನೂರು ಹುಡುಗಿಯರನ್ನು ಬಿಎಂಐ ಪ್ರಕಾರ ಕಡಿಮೆಯಿಂದ ಹೆಚ್ಚಿಗೆ ಅಸೆಂಬ್ಲಿಯಲ್ಲಿ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗಳು ಎಷ್ಟನೆಯವಳು ಎಂಬ ಲೆಕ್ಕ. 25ನೆಯ ಪರ್ಸೆಂಟೈಲ್ ಎಂದರೆ ಪರೀಕ್ಷೆಯಲ್ಲಿ 25 ಮಾರ್ಕ್ಸ್ ಬಂದ ಹಾಗೆ ಎಂದುಕೊಂಡು ಗಾಬರಿಯಾಗುವ ಅಪ್ಪ-ಅಮ್ಮಂದಿರಿದ್ದಾರೆ. ಇಲ್ಲಿ 50 ಬಂದವರು ಜಾಣರೂ ಅಲ್ಲ, 25 ಬಂದವರು ದಡ್ಡರೂ ಅಲ್ಲ. ಐಎಪಿ ಹಾಳೆಯಲ್ಲಿ ಮೇಲ್ಗಡೆ ಎರಡು ಗೆರೆಗಳಿಗೆ ಪರ್ಸೆಂಟೈಲ್ ಬದಲು ‘23 ಅಡಲ್ಟ್ ಈಕ್ವಿವಲೆಂಟ್’, ‘27 ಅಡಲ್ಟ್ ಈಕ್ವಿವಲೆಂಟ್’ ಎಂದು ಬರೆದಿರುತ್ತದೆ. ಮೊದಲನೆಯದನ್ನು ದಾಟಿದರೆ ಅಧಿಕ ತೂಕ, ಎರಡನೆಯದನ್ನು ದಾಟಿದರೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಹಾಳೆಯಾದರೆ ಮಧ್ಯದ ಗೆರೆಯಿಂದ ಎಷ್ಟು ದೂರ ಎಂದು ತೋರಿಸುವ +1, +2, -2 ಎಂಬ ಗೆರೆಗಳಿರುತ್ತವೆ. ಐದು ವರ್ಷ ದಾಟಿದವರಿಗೆ +1ರ ಮೇಲೆ ಅಧಿಕ ತೂಕ, +2ರ ಮೇಲೆ ಬೊಜ್ಜು, -2ರ ಕೆಳಗೆ ತೆಳು. ಐದರೊಳಗಿನವರಿಗೆ ಅಧಿಕ ತೂಕ ಶುರುವಾಗುವುದು +2ರ ಮೇಲೆ, ಬೊಜ್ಜು +3ರ ಮೇಲೆ. ಈ ವ್ಯತ್ಯಾಸ ಎಷ್ಟೋ ಜನರ ಕಣ್ಣು ತಪ್ಪುತ್ತದೆ.

ಎರಡನೆಯ ಚುಕ್ಕೆ ಬರುವವರೆಗೂ ಕಾಯಿರಿ

ಒಂದೇ ಚುಕ್ಕೆಯಿಂದ ತಿಳಿಯುವುದು ಕಡಿಮೆ. ಐದಾರು ತಿಂಗಳು ಬಿಟ್ಟು ಇನ್ನೊಂದು ಇಟ್ಟಾಗ ಗೆರೆ ಯಾವ ಕಡೆ ಹೊರಟಿದೆ ಎಂದು ಕಾಣತೊಡಗುತ್ತದೆ. ಪ್ರತಿ ಭಾನುವಾರ ಮಗುವನ್ನು ಮಷಿನ್ ಹತ್ತಿಸುವವರಿದ್ದಾರೆ. ಅದರಿಂದ ಮಗುವಿಗೆ ಮಷಿನ್ ಕಂಡರೆ ಭಯ ಬರುತ್ತದೆಯೇ ಹೊರತು ಬೇರೇನೂ ಇಲ್ಲ.

ಹದಿಹರೆಯದಲ್ಲಂತೂ ಕಾಯುವುದು ಇನ್ನೂ ಮುಖ್ಯ. ಹನ್ನೆರಡು ವರ್ಷದ ಹುಡುಗ, 148 ಸೆಂ.ಮೀ., 45 ಕೆಜಿ. ಬಿಎಂಐ 20.5, ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 19.9, ಅಂದರೆ ಅಧಿಕ ತೂಕ. ಮುಂದಿನ ಒಂದು ವರ್ಷದಲ್ಲಿ ಎಂಟು ಸೆಂಟಿಮೀಟರ್ ಎತ್ತರವಾಗಿ ತೂಕ 49 ಕೆಜಿ ಆಯಿತೆನ್ನಿ. ಬಿಎಂಐ 20.1. ಹದಿಮೂರನೆಯ ವಯಸ್ಸಿಗೆ ಗೆರೆ 20.8ಕ್ಕೆ ಏರಿರುತ್ತದೆ. ನಾಲ್ಕು ಕೆಜಿ ಹೆಚ್ಚಾಗಿಯೂ ಹುಡುಗ ಗೆರೆಯ ಕೆಳಗೆ ಬಂದ, ಒಂದು ತುತ್ತೂ ಕಡಿಮೆ ಮಾಡದೆ. ದಪ್ಪಗಿರುವ ಬೆಳೆಯುವ ಮಕ್ಕಳಿಗೆ ವೈದ್ಯರು ಬಹಳ ಸಲ ‘ತೂಕ ಇಳಿಸಬೇಡಿ, ಹೀಗೇ ನಿಲ್ಲಲಿ ಅಥವಾ ನಿಧಾನವಾಗಿ ಏರಲಿ’ ಎನ್ನುವುದು ಈ ಲೆಕ್ಕದಿಂದಲೇ.

ಹೆಣ್ಣುಮಕ್ಕಳಲ್ಲಿ ಮೈನೆರೆಯುವ ಬದಲಾವಣೆಗಳು ಎಂಟರಿಂದ ಹದಿಮೂರರ ನಡುವೆ, ಗಂಡುಮಕ್ಕಳಲ್ಲಿ ಒಂಬತ್ತರಿಂದ ಹದಿನಾಲ್ಕರ ನಡುವೆ ಶುರುವಾಗುತ್ತವೆ. ಒಂದೇ ಬೆಂಚಿನ ಇಬ್ಬರು ಹನ್ನೊಂದು ವರ್ಷದ ಹುಡುಗಿಯರಲ್ಲಿ ಒಬ್ಬಳು ಆಗಲೇ ದೊಡ್ಡವಳಾಗಿರಬಹುದು, ಇನ್ನೊಬ್ಬಳಿಗೆ ಇನ್ನೆರಡು ವರ್ಷ ಹಿಡಿಯಬಹುದು. ಬಿಎಂಐ ಪಟ್ಟಿಗೆ ಇದು ಗೊತ್ತಾಗುವುದಿಲ್ಲ, ಅದು ನೋಡುವುದು ವಯಸ್ಸನ್ನಷ್ಟೇ. ಕಂಠೀರವ ಸ್ಟೇಡಿಯಮ್ಮಿನಲ್ಲಿ ದಿನಾ ಬೆವರು ಹರಿಸುವ ಹುಡುಗನ ತೊಡೆಯ ಸ್ನಾಯುವಿಗೂ ಸೋಫಾದಲ್ಲಿ ಕೂತವನ ಹೊಟ್ಟೆಗೂ ಪಟ್ಟಿ ವ್ಯತ್ಯಾಸ ಕಾಣುವುದಿಲ್ಲ.

ಅಂಥ ಅನುಮಾನ ಬಂದರೆ ಸೊಂಟ ಅಳೆಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಆರು ವರ್ಷ ದಾಟಿದವರಲ್ಲಿ ಸೊಂಟ ಎತ್ತರದ ಅರ್ಧಕ್ಕಿಂತ ಹೆಚ್ಚಿರಬಾರದು. 140 ಸೆಂ.ಮೀ. ಎತ್ತರಕ್ಕೆ 70 ದಾಟಿದರೆ ಹೊಟ್ಟೆಯೊಳಗೆ ಕೊಬ್ಬು ಸೇರುತ್ತಿದೆ ಎಂದು ತಿಳಿಯಬೇಕು, ಬಿಎಂಐ ಏನೇ ಹೇಳಲಿ.

ಡಾಕ್ಟರ ಹತ್ತಿರ ಹೋಗಬೇಕಾದದ್ದು ಯಾವಾಗ

ಕುತ್ತಿಗೆಯ ಹಿಂಭಾಗ ನೋಡಿ. ಅಲ್ಲಿ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪಗಾಗಿ, ಮುಟ್ಟಿದರೆ ಮಖಮಲ್ಲಿನಂತೆ ಇದ್ದರೆ ಅದು ಕೊಳೆಯಲ್ಲ. ‘ಸ್ನಾನ ಸರಿಯಾಗಿ ಮಾಡಲ್ಲ ಇವ್ನು’ ಎಂದು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಕೆಂಪು ಮಾಡಿ ಕರೆತರುತ್ತಾರೆ ಎಂದು ಮಕ್ಕಳ ವೈದ್ಯರು ಬೇಸರಪಡುತ್ತಾರೆ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದು. ಉಜ್ಜುವುದು ಬಿಟ್ಟು ತೋರಿಸಿ. ರಾತ್ರಿ ಜೋರು ಗೊರಕೆ ಹೊಡೆದು ಹಗಲು ತೂಕಡಿಸುವುದು, ಮಂಡಿ ಅಥವಾ ಸೊಂಟ ನೋವಿನಿಂದ ಕುಂಟುವುದು, ಮುಟ್ಟು ಶುರುವಾಗಿ ಎರಡು ಮೂರು ವರ್ಷ ಕಳೆದರೂ ತಿಂಗಳುಗಟ್ಟಲೆ ತಪ್ಪುವುದು, ಇವೂ ಅಷ್ಟೇ.

ಥೈರಾಯ್ಡ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಸುಳಿವಿದೆ. ತಿನ್ನುವುದು ಹೆಚ್ಚಾಗಿ ದಪ್ಪಗಾದ ಮಕ್ಕಳು ಸಾಮಾನ್ಯವಾಗಿ ತಮ್ಮ ವಯಸ್ಸಿಗೆ ಎತ್ತರವಾಗಿಯೇ ಇರುತ್ತಾರೆ. ದಪ್ಪಗಾಗುತ್ತಾ ಎತ್ತರ ಬೆಳೆಯುವುದು ನಿಂತಿದ್ದರೆ, ತರಗತಿಯಲ್ಲಿ ಗಿಡ್ಡ ಮಗುವಾಗಿದ್ದರೆ, ಆಗ ಹಾರ್ಮೋನ್ ಅನುಮಾನ ಬಲವಾಗುತ್ತದೆ. ಐದು ವರ್ಷದಿಂದ ಹದಿಹರೆಯ ಶುರುವಾಗುವವರೆಗೆ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯಬೇಕು. ವಾರ್ಡ್‌ರೋಬ್ ಬಾಗಿಲ ಮೇಲಿನ ಪೆನ್ಸಿಲ್ ಗುರುತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಬೊಜ್ಜಿನ ಗೆರೆ ದಾಟಿದ ಮಗುವಿಗೆ ಬಿಪಿ ನೋಡುತ್ತಾರೆ, ಸಕ್ಕರೆ, ರಕ್ತದ ಕೊಬ್ಬು, ಲಿವರ್ ಪರೀಕ್ಷೆಗೆ ಬರೆಯಬಹುದು.

ಇನ್ನೊಂದು ತುದಿಯನ್ನು ಮರೆಯುವಂತಿಲ್ಲ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 19 ವರ್ಷದವರಲ್ಲಿ 24 ಶೇಕಡ ಮಕ್ಕಳು ತೆಳು, ಅಧಿಕ ತೂಕದವರು 5 ಶೇಕಡ. ಅಪ್ಪ-ಅಮ್ಮ ಇಬ್ಬರೂ ಸಣಕಲಾಗಿದ್ದು ಮಗುವೂ ಮೊದಲಿನಿಂದ 10ನೆಯ ಗೆರೆಯಲ್ಲೇ ಆಟವಾಡಿಕೊಂಡಿದ್ದರೆ ಅದು ಅದರ ಮೈಕಟ್ಟು. 50ರಲ್ಲಿದ್ದವಳು ಆರು ತಿಂಗಳಲ್ಲಿ 10ಕ್ಕೆ ಇಳಿದಿದ್ದರೆ ತಡಮಾಡಬೇಡಿ. ಜಾಸ್ತಿ ಬಾಯಾರಿಕೆ, ಪದೇಪದೇ ಮೂತ್ರದ ಜೊತೆ ತೂಕ ಇಳಿದರೆ ಅಂದೇ ಸಕ್ಕರೆ ಪರೀಕ್ಷೆ ಮಾಡಿಸಿ. ವಾರಗಟ್ಟಲೆ ಕೆಮ್ಮು, ಜ್ವರವಿದ್ದರೆ ಟಿಬಿ ನೋಡಬೇಕು. ಹದಿನೈದರ ಹುಡುಗಿ ‘ಆಗ್ಲೇ ಕ್ಯಾಂಟೀನಲ್ಲಿ ತಿಂದೆ ಅಮ್ಮ’ ಎನ್ನುತ್ತಾ ದಿನಾ ರಾತ್ರಿ ಊಟ ತಪ್ಪಿಸುತ್ತಿದ್ದರೆ, ಮುಟ್ಟು ನಿಂತಿದ್ದರೆ, ಅದು ಮನಸ್ಸಿನ ವೈದ್ಯರಿಗೂ ಸೇರಿದ ವಿಷಯ. ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಪ್ರತ್ಯೇಕ ವಿಭಾಗವಿದೆ.

ಮನೆಯಲ್ಲಿ ಆಡುವ ಮಾತು

ಹಾಳೆ ಬಂದ ದಿನ ಮಗುವಿನ ಮುಂದೆ ಫೋನಿನಲ್ಲಿ ಅತ್ತೆಗೋ ಚಿಕ್ಕಮ್ಮನಿಗೋ ಬಿಎಂಐ ಒದರಬೇಡಿ. ‘ಡುಮ್ಮ’, ‘ಕಡ್ಡಿ ಪೈಲ್ವಾನ್’ ಎಂಬ ಮಾತುಗಳನ್ನು ಪ್ರೀತಿಗೇ ಕರೆದರೂ ಬಿಡಿ. ಮಗುವೊಂದಕ್ಕೇ ಬೇರೆ ತಟ್ಟೆ, ಅಣ್ಣನಿಗೆ ಚಿಪ್ಸು ಎನ್ನುವ ಪದ್ಧತಿ ಒಂದು ವಾರವೂ ನಡೆಯುವುದಿಲ್ಲ, ಬದಲಾವಣೆ ಆದರೆ ಇಡೀ ಮನೆಗೆ ಆಗಬೇಕು.

ಬೆಂಗಳೂರಿನ ಮಕ್ಕಳ ವಿಷಯದಲ್ಲಿ ನಾನು ತಟ್ಟೆಗಿಂತ ಮೊದಲು ಗಡಿಯಾರ ನೋಡಿ ಎನ್ನುತ್ತೇನೆ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ಆರೂವರೆಗೆ ಸ್ಕೂಲ್ ಬಸ್ಸು, ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಆಮೇಲೆ ಟ್ಯೂಷನ್, ಅದು ಮುಗಿಯುವ ಹೊತ್ತಿಗೆ ಹಸಿವು ತಡೆಯದೆ ಪಕ್ಕದ ಬೇಕರಿಯ ಪಫ್ಸು. ನಿದ್ದೆ ಕಡಿಮೆಯಾದ ಮಗುವಿಗೆ ಹಸಿವು ಜಾಸ್ತಿ, ಆಡಲು ಹುರುಪು ಕಡಿಮೆ. ಟ್ಯೂಷನ್‌ಗೆ ಮುಂಚೆ ಮನೆಯಲ್ಲೇ ಎರಡು ಚಪಾತಿಯೋ ಮೊಸರನ್ನವೋ ಹೊಟ್ಟೆಗೆ ಬಿದ್ದರೆ ಪಫ್ಸಿನ ಕಥೆ ಅರ್ಧ ಮುಗಿಯುತ್ತದೆ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕ್ರಿಕೆಟ್ ನಿಷೇಧಿಸಿ ಬೋರ್ಡ್ ಹಾಕಿರುವ ಅಸೋಸಿಯೇಷನ್ನಿನವರೂ ಇದನ್ನು ಓದಲಿ.

ತೋರಿಸಲು ಹೋಗುವಾಗ

ಮೊದಲು ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರನ್ನೇ ಕಾಣಿ, ಅವರಿಗೆ ಮಗುವಿನ ಹಿಂದುಮುಂದು ಗೊತ್ತು. ಸರ್ಕಾರಿ ಶಾಲೆ, ಅಂಗನವಾಡಿಯ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ನೋಡುತ್ತದೆ, ಬೇಕಾದರೆ ಮೇಲಿನ ಆಸ್ಪತ್ರೆಗೆ ಬರೆದುಕೊಡುತ್ತದೆ. ಹೆಚ್ಚಿನ ತಪಾಸಣೆಗೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಹೋಗುವಾಗ ಲಸಿಕೆ ಪುಸ್ತಕ, ತಾಯಿ ಕಾರ್ಡು, ಹುಟ್ಟಿದಾಗಿನ ತೂಕ, ಅಪ್ಪ-ಅಮ್ಮನ ಎತ್ತರ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಬಿಪಿ ಇದೆ ಎಂಬುದನ್ನು ಬರೆದುಕೊಂಡು ಹೋಗಿ. ಹಳೆಯ ಶಾಲಾ ಹೆಲ್ತ್ ಕಾರ್ಡುಗಳನ್ನು ರದ್ದಿಗೆ ಹಾಕದೆ ಜೊತೆಗೆ ಒಯ್ಯಿರಿ. ಅಲ್ಲಿನ ‘ಓವರ್‌ವೇಟ್’, ‘ಅಂಡರ್‌ವೇಟ್’ ಎಂಬ ಮಾತುಗಳನ್ನು ಡಾಕ್ಟರು ಲೆಕ್ಕಕ್ಕೆ ಹಿಡಿಯದಿರಬಹುದು. ಮೂರನೇ ಕ್ಲಾಸಿನಲ್ಲಿ ಮಗು ಎಷ್ಟು ಎತ್ತರವಿತ್ತು, ಎಷ್ಟು ತೂಗುತ್ತಿತ್ತು ಎಂಬ ಎರಡು ಅಂಕಿಗಳನ್ನು ಮಾತ್ರ ಖಂಡಿತ ಕೇಳುತ್ತಾರೆ.